ಒರೊಂಜೊನ ಬಾಕಿ

ಇಟಲಿಯ ಬೂಟಿನ ಹಿಮ್ಮಡಿಯಲ್ಲಿ ನಮ್ಮೂರು.
ಇಲ್ಲಿ ಮಣ್ಣಲ್ಲಿ ಮಲಗಿದವರ ಹೆಸರನ್ನು ಗೋಡೆಗೆ ಅಂಟಿಸುತ್ತಾರೆ,
ಚುನಾವಣೆಗೆ ನಿಂತವರ ಮುಖವನ್ನೂ ಅದೇ ಗೋಡೆಗೆ.
ಎರಡೂ ಅಚ್ಚಾಗುವುದು ನನ್ನಲ್ಲೇ,
ಮೀನುಪೇಟೆಯ ಹಿಂದೆ, ಎರಡು ಮೆಟ್ಟಿಲು ಇಳಿದರೆ.
ನಾನು ಅದ್ದೊಲೊರಾತಾ. ಬೆರಳ ಸಂದಿನ ಮಸಿ
ಮದುವೆಯ ದಿನವೂ ಹೋಗಿರಲಿಲ್ಲ.

ಒರೊಂಜೊ ಸ್ಕಾರ್ದಿಕ್ಕಿಯೊ ಮೊದಲು ಬಂದದ್ದು
ಎಪ್ಪತ್ತೊಂಬತ್ತರಲ್ಲಿ, ಮಾವನ ಕೋಟು ತೊಟ್ಟು.
ತೋಳು ಉದ್ದ.
ಪುರಸಭೆಗೆ ನಿಂತಿದ್ದ. ಮುನ್ನೂರು ಹಾಳೆ, ಒಂದೇ ಬಣ್ಣ.
‘ಮುಖ ದೊಡ್ಡದಾಗಿ ಬರಲಿ, ಮಾತು ಸಣ್ಣದಾಗಿ.’
‘ದುಡ್ಡು?’
‘ಗೆದ್ದ ಮೇಲೆ.’
ಗೆದ್ದ.
ಗೆದ್ದವರ ಹತ್ತಿರ ದುಡ್ಡು ಕೇಳುವುದು ಹೇಗೆ?

ಮೇಯರ್ ಆದ. ಸಂಸದನಾದ. ರೋಮಿನಲ್ಲಿ
ಹದಿನಾಲ್ಕು ತಿಂಗಳು ಬಂದರು ಖಾತೆಯ ಉಪಮಂತ್ರಿ.
ದೀಪಸ್ತಂಭದ ಗುರುತು ಹೋಗಿ ಗೋಧಿತೆನೆ ಬಂತು,
ಗೋಧಿತೆನೆ ಹೋಗಿ ಕಡಲಹಕ್ಕಿ.
ಪಟ ಮಾತ್ರ ಬದಲಾಗಲಿಲ್ಲ:
ಅದೇ ಎಪ್ಪತ್ತೊಂಬತ್ತರ ಕೂದಲು, ಮಾವನ ಕೋಟು.
ಜನ ಗುರುತು ಹಿಡಿಯುವುದು ಅದನ್ನೇ, ಅನ್ನುತ್ತಿದ್ದ
ಬೋಳು ನೆತ್ತಿ ಸವರಿಕೊಳ್ಳುತ್ತ.

ಮೀನುಪೇಟೆಯಲ್ಲಿ ಅವನ ಹೆಸರೆತ್ತಿದರೆ
ಅರ್ಧ ಜನ ಉಗುಳುತ್ತಿದ್ದರು,
ಇನ್ನರ್ಧ ಜನ ಉಗುಳಿದವರ ಕಾಲರು ಹಿಡಿಯುತ್ತಿದ್ದರು.
ಅವನ ದೆಸೆಯಿಂದ ಅಣ್ಣತಮ್ಮಂದಿರಿಬ್ಬರು
ಒಂದೇ ದೋಣಿ ಮಾರಿ ದುಡ್ಡು ಹಂಚಿಕೊಂಡರು.

ಮಾಡಿದ, ಇಲ್ಲವೆನ್ನಲಾರೆ.
ನಮ್ಮ ಬೀದಿಗೆ ನಲ್ಲಿ ತಂದವನು ಅವನೇ.
ಮೊದಲ ದಿನ ಮುದುಕಿ ಇಮ್ಮಕೊಲಾತಾ
ಆ ನೀರಲ್ಲಿ ಬೆರಳದ್ದಿ ಹಣೆಗೆ ಶಿಲುಬೆ ಇಟ್ಟುಕೊಂಡಳು.
ಆಸ್ಪತ್ರೆ ಕಟ್ಟಿಸಿದ್ದೂ ಅವನೇ.
ಕಡಲ ಮರಳು ಕಲಸಿದ ಸಿಮೆಂಟು.
ಆರು ವರ್ಷಕ್ಕೇ ಹೆರಿಗೆ ವಾರ್ಡಿನ ಸೂರು
ಉಪ್ಪು ಬೆವರತೊಡಗಿತು,
ಒಂದು ಮಂಗಳವಾರ ಕಳಚಿ ಬಿತ್ತು.
ನರ್ಸ್ ತೆಕ್ಲಾ, ಇಪ್ಪತ್ತಾರು. ಅವಳ ಹಾಳೆಯೂ ನನ್ನಲ್ಲೇ.
ಗೋಡೆಯಲ್ಲಿ ಜಾಗ ಎಲ್ಲಿತ್ತು?
ಅವನ ಮುಖದ ಮೇಲೇ ಅಂಟಿಸಿದರು.
ಬೆಳಗಾಗುವುದರೊಳಗೆ ಅವಳ ಹೆಸರ ಮೇಲೆ ಮತ್ತೆ ಅವನ ಮುಖ.

ಮೊಕದ್ದಮೆ ಒಂಬತ್ತು ವರ್ಷ. ಮೂರು ನ್ಯಾಯಾಲಯ.
ಕಡತದ ದಾರ ಸಡಿಲಾಯಿತು, ಸಾಕ್ಷಿಗೆ ಮರೆವು ಬಂತು,
ಕೊನೆಗೆ ಕಾಲಮಿತಿ ಮೀರಿತು ಅಂದರು.
ತಪ್ಪಿಲ್ಲ ಅಂತಲ್ಲ, ಹೊತ್ತಾಯಿತು ಅಂತ.
ಅಂದು ಸಂಜೆಯೇ ಬಂದ: ‘ದೊನ್ನಾ ಅದ್ದೊಲೊರಾತಾ,
ಸಾವಿರ ಹಾಳೆ, ದಪ್ಪಕ್ಷರ: ಸತ್ಯ ಗೆದ್ದಿತು.’
ಹಾಕಿದೆ. ಅಷ್ಟೇ ಅಲ್ಲ,
‘ಸತ್ಯ’ದ ಒಂದು ಮೊಳೆ ತುಸು ವಾಲಿತ್ತು,
ಕೈ ಸುಮ್ಮನಿರಲಿಲ್ಲ, ನೆಟ್ಟಗೆ ಮಾಡಿದೆ.

ಯಾಕೆ ಅಂತ ಕೇಳುತ್ತೀರಿ.
ನನ್ನ ಗಂಡ ಕತಾಲ್ದೊ ಸತ್ತ ರಾತ್ರಿ
ತೆಂಕಣ ಗಾಳಿ ಹೆಂಚು ಹಾರಿಸುತ್ತಿತ್ತು,
ಅಂಟಿಸುವ ಹುಡುಗ ಬರಲಿಲ್ಲ.
ಎರಡು ಗಂಟೆಗೆ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತವನು
ಈ ಒರೊಂಜೊ. ಆಗಲೇ ಮೇಯರ್.
ಮೈದಾ ಅಂಟನ್ನು ಮೊಣಕೈವರೆಗೆ ಮೆತ್ತಿಕೊಂಡು
ನಲವತ್ತು ಗೋಡೆಗೆ ಕತಾಲ್ದೊನ ಹೆಸರು ಅಂಟಿಸಿದ,
ಒಂದೂ ಸೊಟ್ಟಗಾಗದಂತೆ.
ನೋಡಲು ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.
ಅದೇ ನನ್ನ ಕಷ್ಟ.
ಯಾರಾದರೂ ನೋಡುತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ನಿನ್ನೆ ಅವನ ಮಗಳು ಬಂದಳು, ಕಪ್ಪು ಕನ್ನಡಕ.
ಸಾವಿನ ಹಾಳೆ, ಐನೂರು.
ಪಟ ಅದೇ, ತೋಳು ಉದ್ದದ್ದು.
‘ಜನಸೇವಕ ಅಂತ ಬರಲಿ. ನಿಷ್ಕಳಂಕ ಅಂತಲೂ.’
ಡ್ರಾಯರಿನಿಂದ ಹಳೆಯ ಲೆಕ್ಕದ ಪುಸ್ತಕ ತೆಗೆದೆ,
ಅವನೊಬ್ಬನದೇ ಮೂವತ್ತೊಂದು ಪುಟ, ಎಲ್ಲ ಲೀರಾದಲ್ಲಿ.
ಲೀರಾ ಈಗ ಎಲ್ಲಿದೆ?
ಅದಕ್ಕೂ ಕಾಲಮಿತಿ ಮೀರಿದೆ. ಮುಚ್ಚಿಟ್ಟೆ.

‘ನಿಷ್ಕಳಂಕ’ಕ್ಕೆ ಮೊಳೆ ಸಾಲದು ಅಂದೆ.
ಸುಳ್ಳು. ಪೆಟ್ಟಿಗೆ ತುಂಬ ಇದ್ದವು.
ಅವಳು ವಾದಿಸಲಿಲ್ಲ.
‘ದುಡ್ಡು ಎಷ್ಟಾಯಿತು?’ ಅಂದಳು, ಪರ್ಸು ತೆರೆದು.
ಆ ಮನೆಯವರ ಬಾಯಲ್ಲಿ ಆ ಮಾತು ಮೊದಲ ಸಲ.

ಕತ್ತಲಾದ ಮೇಲೆ ಹುಡುಗನನ್ನು ಮನೆಗೆ ಕಳಿಸಿ
ಬಕೆಟ್ಟು ನಾನೇ ಹಿಡಿದೆ. ಮಂಡಿ ನೋವು, ನಿಂತು ನಿಂತು ನಡೆದೆ.
ಮೂವತ್ತೊಂಬತ್ತು ಗೋಡೆ.
ಆಸ್ಪತ್ರೆಯ ಗೋಡೆ ದಾಟಿ ಬಂದೆ.
ಬಕೆಟ್ಟಿನಲ್ಲಿ ಇನ್ನೂ ಅಂಟು ಉಳಿದಿತ್ತು.